ಮರಳಿ ಬಂದವನಿಗೆ ಎಲೆ ಹಂಚುವವರು ಯಾರು?

ಮಳೆ ಹಿಡಿದು ಐದನೆಯ ದಿನ. ಕಾರವಾರದ ಕೋಡಿಬಾಗದ ನಮ್ಮ ಬಾಡಿಗೆ ಮನೆಯ ಹಂಚಿನ ಮೇಲೆ ನೀರು ಬೀಳುವ ಸದ್ದಿಗೆ ಪಕ್ಕದಲ್ಲಿ ಕೂತವರ ಮಾತೂ ಸರಿಯಾಗಿ ಕೇಳುತ್ತಿರಲಿಲ್ಲ. ಊಟ ಮುಗಿಸಿ, ಕಿಟಕಿ ಹಾಕಿ, ಏಳು ತಿಂಗಳಿಂದ ಮುಟ್ಟದೆ ಬಿಟ್ಟಿದ್ದ ಆಟವೊಂದನ್ನು ಫೋನಿನಲ್ಲಿ ತೆರೆದೆ. ಕಾರ್ಡುಗಳನ್ನು ಒಂದೊಂದಾಗಿ ಕೂಡಿಸಿ, ಅವುಗಳಲ್ಲೇ ಆರಿಸಿ ನಮ್ಮದೊಂದು ಕಟ್ಟು ಮಾಡಿಕೊಂಡು, ಎಲ್ಲೋ ಇರುವ ಯಾರದೋ ಎದುರು ಆಡುವ ಆಟ. ಹೆಸರು ಬೇಡ, ನನಗಾದದ್ದು ಈ ಜಾತಿಯ ಯಾವ ಆಟದಲ್ಲಿ ಬೇಕಾದರೂ ಆಗುವಂಥದ್ದು. ಆರು ವರ್ಷ ಅದನ್ನು ಪ್ರೀತಿಯಿಂದ ಆಡಿದ್ದೇನೆ. ಕೆಲವು ಕಾರ್ಡುಗಳ ಚಿತ್ರ ಕಣ್ಣು ಮುಚ್ಚಿದರೂ ಕಾಣುತ್ತದೆ.

ಮೊದಲು ಅಪ್‌ಡೇಟ್ ಕೇಳಿತು. ಮಳೆಗಾಲದ ನೆಟ್‌ವರ್ಕಿನಲ್ಲಿ ಅದು ಇಳಿದು ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು. ಆಮೇಲೆ ತೆರೆಯ ಮೇಲೆ ಒಂದರ ಹಿಂದೊಂದು ಜಾಹೀರಾತಿನ ಚೌಕ. ಹೊಸ ಕಾರ್ಡುಗಳ ಸೆಟ್ ಬಂದಿದೆ, ಅದರ ಹಿಂದೆ ಇನ್ನೊಂದು ಹೊಸ ಸೆಟ್, ಸೀಸನ್ ಪಾಸಿಗೆ ರಿಯಾಯಿತಿ, ಇಂದೇ ಮುಗಿಯುವ ಕೊಡುಗೆ. ಒಂಬತ್ತು ಸಲ ಮುಚ್ಚಿದ ಮೇಲೆ ನನ್ನ ಕಟ್ಟು ಕಾಣಿಸಿತು. ಅರ್ಧಕ್ಕಿಂತ ಹೆಚ್ಚು ಕಾರ್ಡುಗಳು ಬೂದು ಬಣ್ಣಕ್ಕೆ ತಿರುಗಿದ್ದವು. ಅವುಗಳ ಅವಧಿ ಮುಗಿದಿತ್ತು. ಎಲ್ಲರೂ ಆಡುವ ಮುಖ್ಯ ಸ್ಪರ್ಧೆಗೆ ಇನ್ನು ಅವು ಸಲ್ಲುವುದಿಲ್ಲ.

ಉಳಿದ ಕಾರ್ಡುಗಳಿಗೆ ಅವು ಇವು ಸೇರಿಸಿ ಕಟ್ಟು ಭರ್ತಿ ಮಾಡಿ ಒಂದು ಆಟಕ್ಕೆ ಇಳಿದೆ. ಐದನೆಯ ಸರದಿಯಲ್ಲಿ ಆಚೆಯವನು ಒಟ್ಟಿಗೆ ಮೂರು ಕಾರ್ಡು ಹಾಕಿದ. ಮೂರನ್ನೂ ನಾನು ಕಂಡೇ ಇರಲಿಲ್ಲ. ಮೊದಲನೆಯದರ ಮೇಲೆ ಬೆರಳಿಟ್ಟು ಅದರ ಸಣ್ಣಕ್ಷರ ಓದಿದೆ. ಅದರಲ್ಲಿ ಬಂದ ಎರಡು ಪಾರಿಭಾಷಿಕ ಪದಗಳೂ ಹೊಸವು. ಅವುಗಳ ವಿವರಣೆ ಹುಡುಕುವಷ್ಟರಲ್ಲಿ ನನ್ನ ಸರದಿಯ ಸಮಯ ಮುಗಿಯಿತು. ಮುಂದಿನ ಸರದಿಗೆ ಆಟವೂ ಮುಗಿಯಿತು. ಸೋಲು ನನಗೆ ಹೊಸದಲ್ಲ. ಆರು ವರ್ಷದಲ್ಲಿ ಸಾವಿರಾರು ಸಲ ಸೋತಿದ್ದೇನೆ. ಆದರೆ ಆ ರಾತ್ರಿ ಯಾಕೆ ಸೋತೆ ಅಂತಲೇ ತಿಳಿಯಲಿಲ್ಲ. ಫೋನು ಪಕ್ಕಕ್ಕಿಟ್ಟು ಬಹಳ ಹೊತ್ತು ಸುಮ್ಮನೆ ಕೂತೆ. ನನ್ನ ಮನೆಗೆ ನಾನೇ ನೆಂಟನಾಗಿ ಬಂದ ಹಾಗಿತ್ತು.

ಇಂಥ ಆಟಗಳಿಂದ ಜನ ಯಾಕೆ ಬಿಟ್ಟುಹೋಗುತ್ತಾರೆ ಎಂದು ಕೇಳಿದರೆ ಎಲ್ಲರೂ ಹೇಳುವುದು ದುಡ್ಡಿನ ವಿಷಯ, ಅದೃಷ್ಟದ ವಿಷಯ, ಒಂದೇ ಬಗೆಯ ಕಟ್ಟು ಎದುರಾಗಿ ಬೇಸರ ಬರುವ ವಿಷಯ. ಎಲ್ಲವೂ ನಿಜ. ಆದರೆ ನನ್ನ ಅನುಭವದಲ್ಲಿ, ನಾನು ಬಲ್ಲ ಏಳೆಂಟು ಆಟಗಾರರ ಅನುಭವದಲ್ಲಿ, ಯಾರೂ ಸಿಟ್ಟು ಮಾಡಿಕೊಂಡು ಬಾಗಿಲು ಬಡಿದು ಹೋದವರಲ್ಲ. ಒಬ್ಬನಿಗೆ ಪರೀಕ್ಷೆ ಬಂತು. ಒಬ್ಬಳಿಗೆ ಮಗುವಾಯಿತು. ಇನ್ನೊಬ್ಬನ ಫೋನು ಒಡೆಯಿತು. ಬದುಕಿನಲ್ಲಿ ಆಟ ಬಿಡುವ ಪ್ರಸಂಗಗಳು ಬರುತ್ತಲೇ ಇರುತ್ತವೆ. ಬಿಡಿಸಿದ್ದು ಆಟದ ತಪ್ಪೂ ಅಲ್ಲ. ತಪ್ಪಿರುವುದು ಮರಳಿ ಬರುವ ದಾರಿಯಲ್ಲಿ. ಬಿಟ್ಟವರು ಒಂದು ದಿನ ಆಸೆಯಿಂದ ಬಂದು ಬಾಗಿಲು ತೆರೆಯುತ್ತಾರೆ, ಒಳಗೆ ಕೂರಲು ಜಾಗವಿಲ್ಲದೆ ಹಿಂದಿರುಗುತ್ತಾರೆ. ಹಾಗೆ ಹಿಂದಿರುಗಿದವರು ಮತ್ತೆ ಬರುವುದಿಲ್ಲ.

ನಾನು ಬಿಟ್ಟದ್ದು ಅಪ್ಪಯ್ಯನ ದೆಸೆಯಿಂದ. ಕಳೆದ ನವೆಂಬರಿನಲ್ಲಿ ತೋಟದ ಸಂಕ ದಾಟುವಾಗ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ ಆಗ ಅಡಿಕೆ ಕೊಯ್ಲಿನ ಹೊತ್ತು. ಮರ ಹತ್ತಿ ಗೊನೆ ಕೊಯ್ಯುವ ಕೊನೆಗೌಡ ಸಿಗುವುದೇ ವಾರಕ್ಕೆರಡು ದಿನ, ಸಿಕ್ಕ ದಿನ ಬಿಟ್ಟರೆ ಗೊನೆ ಹಣ್ಣಾಗಿ ಉದುರುತ್ತದೆ. ಮೇಲಿಂದ ಹಗ್ಗದಲ್ಲಿ ಇಳಿದುಬರುವ ಗೊನೆ ಹಿಡಿಯಲು, ಹೊರಲು, ಸುಲಿಯುವವರ ಲೆಕ್ಕ ಬರೆಯಲು ಮನೆಯವರೊಬ್ಬರು ಬೇಕೇ ಬೇಕು. ಆಫೀಸಿನಲ್ಲಿ ಕೇಳಿಕೊಂಡು, ಲ್ಯಾಪ್‌ಟಾಪ್ ಹೊತ್ತುಕೊಂಡು ದೇವಿಮನೆ ಘಟ್ಟ ಹತ್ತಿ ಮನೆಗೆ ಹೋದೆ. ಕೊಯ್ಲು ಮುಗಿಯಿತು, ಬೇಯಿಸಿದ್ದು ಒಣಗಿತು, ಬೇಯಿಸದೆ ಒಣಗಿಸುವ ಚಾಲಿಯೂ ಒಣಗಿ ಸುಲಿದಾಯಿತು. ಅಪ್ಪಯ್ಯ ಕೋಲು ಹಿಡಿದು ಜಗಲಿಯವರೆಗೆ ನಡೆಯುವ ಹೊತ್ತಿಗೆ ಮೇ ತಿಂಗಳು.

ಆ ತಿಂಗಳುಗಳಲ್ಲಿ ನಾನು ಕಾರ್ಡು ಮುಟ್ಟಲೇ ಇಲ್ಲ ಎಂದಲ್ಲ. ಮನೆಯಲ್ಲಿ ದಿನಾ ರಾತ್ರಿ ಇಸ್ಪೀಟು ನಡೆಯುತ್ತಿತ್ತು.

ಅಪ್ಪಯ್ಯನನ್ನು ನೋಡಲು ಬಂದವರೇ ಆಟಕ್ಕೂ ಕೂರುವವರು. ಜಗಲಿಯಲ್ಲಿ ಮಂಚ, ಮಂಚಕ್ಕೆ ತಾಗಿ ಜಮಖಾನೆ. ಅಪ್ಪಯ್ಯ ದಿಂಬಿಗೆ ಒರಗಿಕೊಂಡು ಮೇಲಿಂದಲೇ ಎಲೆ ಹಾಕುತ್ತಿದ್ದರು. ಆಡುತ್ತಿದ್ದದ್ದು ಇಪ್ಪತ್ತೆಂಟು. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ಏಳರಿಂದ ಮೇಲಿನ 32 ಎಲೆ ಮಾತ್ರ ಆಟಕ್ಕೆ. ನಾಲ್ಕು ಜನ, ಎದುರು ಬದುರು ಕೂತವರು ಒಂದು ಜೋಡಿ. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ನಾಲ್ಕು ಜಾತಿ ಸೇರಿ 28. ರಾಜ ರಾಣಿಗೆ ಏನೂ ಇಲ್ಲ. ಮೊದಲು ನಾಲ್ಕು ಎಲೆ ಹಂಚಿ ಕರೆ ಕೇಳುತ್ತಾರೆ, ಹದಿನಾಲ್ಕಕ್ಕೆ ಶುರು. ಹೆಚ್ಚು ಕರೆದವನು ತುರುಪು ಆರಿಸಿ ಒಂದು ಎಲೆಯನ್ನು ಕವುಚಿ ಇಡುತ್ತಾನೆ. ಯಾವ ಜಾತಿಯೆಂದು ಅವನೊಬ್ಬನಿಗೇ ಗೊತ್ತು. ಆಮೇಲೆ ಉಳಿದ ನಾಲ್ಕು ಎಲೆ. ನಿಯಮ ಇಷ್ಟೇ. ನನ್ನ ಅಜ್ಜ ಆಡಿದ್ದೂ ಇದನ್ನೇ.

ನಮ್ಮ ಮನೆಯ ಕಟ್ಟಿನಲ್ಲಿ ಡೈಮನ್ ಎಂಟು ಇಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗಲೇ ಕಳೆದದ್ದು. ಆಟಕ್ಕೆ ಬೇಡದ ಡೈಮನ್ ಎರಡನ್ನು ತೆಗೆದು ಅದರ ಮೂಲೆಯಲ್ಲಿ ನೀಲಿ ಬಾಲ್‌ಪೆನ್ನಿನಿಂದ 8 ಎಂದು ಬರೆದು ಸೇರಿಸಿದ್ದಾರೆ. ತೊಡಕೆಂದರೆ ಅಲ್ಲಿಯವರೆಗೆ ಆ ಎರಡನ್ನು ಯಾರೂ ಮುಟ್ಟಿರಲಿಲ್ಲ. ಉಳಿದ ಎಲೆಗಳ ಬೆನ್ನು ಕೈಬೆವರಿಗೆ, ಕವಳದ ಕೈಗೆ ಮಾಸಿ ಕಂದಿದ್ದವು. ಇದರ ಬೆನ್ನು ಇವತ್ತಿಗೂ ಒಂದಿಷ್ಟು ಕೆಂಪಾಗಿ ಎದ್ದು ಕಾಣುತ್ತದೆ. ಹಂಚಿದ ಕೂಡಲೇ ಅದು ಯಾರ ಕೈಗೆ ಬಂತು ಎಂದು ನಾಲ್ವರಿಗೂ ತಿಳಿಯುತ್ತದೆ. ಅದಿದ್ದವನು ಡೈಮನ್ ಬಿದ್ದರೆ ಡೈಮನ್ನೇ ಹಾಕಬೇಕು, ತುರುಪಿನಿಂದ ಕಡಿಯಲಾರ. ಆ ಅರಿವನ್ನೂ ಲೆಕ್ಕಕ್ಕೆ ಹಿಡಿದು ಆಡುತ್ತಾರೆ. ಹೊಸ ಕಟ್ಟು ತರುವುದು ಕಷ್ಟವೇನಲ್ಲ. ತಂದದ್ದೂ ಇದೆ, ಕಪಾಟಿನಲ್ಲಿದೆ. ಆಡುವುದು ಇದರಲ್ಲೇ.

ಒಂದು ರಾತ್ರಿ ಮುಂಬೈಯಿಂದ ಚಿಕ್ಕಪ್ಪ ಬಂದಿದ್ದ. ಇಸ್ಪೀಟು ಹಿಡಿಯದೆ ಹನ್ನೆರಡು ವರ್ಷವಾಗಿತ್ತಂತೆ. ಬಂದವನು ಅಣ್ಣನ ಕಾಲು ನೋಡಿ, ಕಣ್ಣೊರೆಸಿಕೊಂಡು, ಚಹ ಕುಡಿದು ಮುಗಿಸುವಷ್ಟರಲ್ಲಿ ಅಪ್ಪಯ್ಯ "ಬಾ, ಕುತ್ಗ" ಎಂದರು. ಆಡುತ್ತಿದ್ದ ಪಕ್ಕದ ಮನೆಯ ಭಾವ ಎದ್ದು ಜಾಗ ಬಿಟ್ಟುಕೊಟ್ಟ. ಚಿಕ್ಕಪ್ಪನ ಕೈಗೆ ಎಲೆ ಬಿತ್ತು. ಅವನು ಎಲೆ ಬಿಡಿಸಿ ನೋಡುತ್ತ, "ಒಂಬತ್ತಕ್ಕೆ ಎರಡಲ್ದಾ?" ಎಂದು ಕೇಳಿದ. "ಹೌದು, ಎರಡು," ಎಂದ ಎದುರಿಗಿದ್ದವ. ಎರಡು ಆಟದಲ್ಲಿ ಚಿಕ್ಕಪ್ಪನಿಗೆ ಎಲ್ಲ ನೆನಪಾಯಿತು. ಮೂರನೆಯದರಲ್ಲಿ ಹತ್ತೊಂಬತ್ತಕ್ಕೆ ಕರೆದು ಗೆದ್ದ.

ಆ ಒಂದು ಪ್ರಶ್ನೆ, ಒಂದು ಉತ್ತರ. ಹನ್ನೆರಡು ವರ್ಷದ ಅಂತರ ತುಂಬಲು ಅಷ್ಟು ಸಾಕಾಯಿತು. ಕೋಡಿಬಾಗದ ಮಳೆಯ ರಾತ್ರಿ ನನಗೆ ನೆನಪಾದದ್ದು ಅದೇ.

ಡಿಜಿಟಲ್ ಆಟ ಕಟ್ಟುವವರ ಕಷ್ಟ ನನಗೆ ಅರ್ಥವಾಗುವುದಿಲ್ಲ ಎಂದೇನಿಲ್ಲ. ಕೂಡಿಸಿ ಆಡುವ ಕಾರ್ಡಾಟ ಕಾಗದದಲ್ಲೇ ಹುಟ್ಟಿದ್ದು. ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಮ್ಯಾಜಿಕ್: ದಿ ಗ್ಯಾದರಿಂಗ್ 1993ರಲ್ಲಿ ಬಂತು. ಪ್ರತಿಯೊಬ್ಬನೂ ತನ್ನ ಕಟ್ಟನ್ನು ತಾನೇ ಕಟ್ಟಬೇಕು, ಅದಕ್ಕೆ ಕಾರ್ಡು ಕೊಳ್ಳಬೇಕು, ಕಂಪನಿ ಹೊಸ ಕಾರ್ಡು ತರುತ್ತಿರಬೇಕು. ಹೊಸದು ನಿಂತರೆ ಆದಾಯ ನಿಂತಿತು. ಹೊಸದು ಬರುತ್ತಲೇ ಇದ್ದರೆ ಹಳೆಯದರ ರಾಶಿ ಬೆಳೆದು, ಇವತ್ತು ಆಟ ಕಲಿಯುವ ಹುಡುಗನ ಮುಂದೆ ಬೆಟ್ಟವಾಗಿ ನಿಲ್ಲುತ್ತದೆ. ಆದ್ದರಿಂದ ಹಳೆಯ ಸೆಟ್ಟುಗಳನ್ನು ಮುಖ್ಯ ಸ್ಪರ್ಧೆಯಿಂದ ಸರದಿಯಂತೆ ಹೊರಗಿಡುವ ಪದ್ಧತಿ ಬಂತು. ಇದು ಕಾಗದದ ಕಾಲದಿಂದಲೂ ಇದೆ. ಬ್ಲಿಝಾರ್ಡ್ ಕಂಪನಿಯ ಡಿಜಿಟಲ್ ಕಾರ್ಡಾಟ ಹಾರ್ಟ್‌ಸ್ಟೋನ್ 2014ರಲ್ಲಿ ಬಿಡುಗಡೆಯಾಗಿ, 2016ರಲ್ಲಿ ಇದೇ ದಾರಿ ಹಿಡಿಯಿತು. ವರ್ಷಕ್ಕೊಮ್ಮೆ ಒಂದು ಇಡೀ ವರ್ಷದ ಸೆಟ್ಟುಗಳು ಒಟ್ಟಿಗೆ ಆಚೆ ಹೋಗುತ್ತವೆ, ಅವುಗಳಿಗೆ ಬೇರೆಯೇ ಒಂದು ಅಂಗಳ. ಹೊಸಬನ ಭಾರ ಇಳಿಸಲು ಮಾಡಿದ ಏರ್ಪಾಡು ಇದು, ಒಳ್ಳೆಯ ಉದ್ದೇಶದ್ದೇ. ಆದರೆ ಹೊಸಬನಿಗೆ ಇಳಿಸಿದ ಭಾರ ಮರಳಿ ಬಂದವನ ತಲೆಯ ಮೇಲೆ ಬಿತ್ತು. ಅವನು ಹೊಸಬನೂ ಅಲ್ಲ, ಹಳಬನೂ ಅಲ್ಲ. ಅವನ ಕೈಯಲ್ಲಿ ಕಾರ್ಡಿದೆ, ಅದು ಸಲ್ಲುವುದಿಲ್ಲ. ಅವನ ತಲೆಯಲ್ಲಿ ತಿಳಿವಳಿಕೆ ಇದೆ, ಅದೂ ಸಲ್ಲುವುದಿಲ್ಲ.

ಕಾಗದದ ಕಾರ್ಡಾದರೆ ಸ್ಪರ್ಧೆಯಿಂದ ಹೊರಬಿದ್ದ ಮೇಲೂ ಕೈಯಲ್ಲಿ ಉಳಿಯುತ್ತದೆ. ತಮ್ಮನಿಗೆ ಕೊಡಬಹುದು, ಮಾರಬಹುದು, ಮನೆಯಲ್ಲೇ ಕೂತು ಆಡಬಹುದು. ಫೋನಿನೊಳಗಿನ ಕಾರ್ಡನ್ನು ಏನು ಮಾಡೋಣ? ಹಾರ್ಟ್‌ಸ್ಟೋನ್‌ನಲ್ಲಿ ಒಂದು ಲೆಜೆಂಡರಿ, ಅಂದರೆ ಅತಿ ಅಪರೂಪದ, ಕಾರ್ಡನ್ನು ಪುಡಿ ಮಾಡಿದರೆ 400 ಪುಡಿ ಸಿಗುತ್ತದೆ. ಬೇಕಾದ ಲೆಜೆಂಡರಿ ಒಂದನ್ನು ಮಾಡಿಕೊಳ್ಳಲು 1600 ಬೇಕು. ಅಂದರೆ ನಾಲ್ಕು ಸುಟ್ಟರೆ ಒಂದು. ಗೆಳೆಯನಿಗೆ ಕೊಡುವ ಮಾತೇ ಇಲ್ಲ.

ಈ ಕೊಡುವ ವಿಷಯ ನನ್ನನ್ನು ಬಹಳ ಕಾಡಿದೆ. ನಾನು ಶಾಲೆಯಲ್ಲಿದ್ದಾಗ ಕುಸ್ತಿಪಟುಗಳ ಟ್ರಂಪ್ ಕಾರ್ಡಿನ ಹುಚ್ಚು ಶಿರಸಿಯಲ್ಲೂ ಜೋರಾಗಿತ್ತು. ಎತ್ತರ, ತೂಕ, ಎದೆ ಸುತ್ತಳತೆ, ಗೆದ್ದ ಕುಸ್ತಿ, ಎಲ್ಲ ಕಾರ್ಡಿನ ಮೇಲೇ ಅಚ್ಚಾಗಿರುತ್ತಿತ್ತು. ಟೈಫಾಯ್ಡ್ ಆಗಿ ನಾನು ಒಂದೂವರೆ ತಿಂಗಳು ಶಾಲೆ ತಪ್ಪಿಸಿಕೊಂಡು ಮರಳಿ ಬಂದಾಗ ಎಲ್ಲರ ಬಳಿ ಹೊಸ ಕಟ್ಟು ಇತ್ತು, ನನ್ನದು ಹಳೆಯದು. ಬೆಂಚಿನಲ್ಲಿ ಪಕ್ಕ ಕೂರುತ್ತಿದ್ದ ಹುಡುಗ ತನ್ನಲ್ಲಿ ಎರಡೆರಡಿದ್ದ ಐದು ಕಾರ್ಡು ತೆಗೆದು ನನ್ನ ಕಂಪಾಸ್ ಪೆಟ್ಟಿಗೆಯೊಳಗೆ ಹಾಕಿದ. ಏನೂ ಹೇಳಲಿಲ್ಲ. ಆ ದಿನ ಮಧ್ಯಾಹ್ನವೇ ನಾನು ಆಟದಲ್ಲಿದ್ದೆ. ಈಗಿನ ಹೆಚ್ಚಿನ ಆಟಗಳಲ್ಲಿ ಅಂಥದ್ದನ್ನು ಮಾಡಲು ಗೆಳೆಯನಿಗೆ ಮನಸ್ಸಿದ್ದರೂ ದಾರಿ ಇಲ್ಲ.

ಅಕ್ಕನ ಮಗ, ಎಂಟನೆಯ ತರಗತಿಯವನು, ಪೋಕೆಮಾನ್‌ನ ಪಾಕೆಟ್ ಆಟ ಆಡುತ್ತಾನೆ. 2024ರ ಅಕ್ಟೋಬರಿನಲ್ಲಿ ಬಂದದ್ದು. ಹನ್ನೆರಡು ತಾಸಿಗೊಂದರಂತೆ ದಿನಕ್ಕೆ ಎರಡು ಪ್ಯಾಕು ಕಾರ್ಡು ಬಿಟ್ಟಿ. ಬೆಳಿಗ್ಗೆ ಒಂದು ಒಡೆದು ಶಾಲೆಗೆ ಹೋಗುತ್ತಾನೆ, ರಾತ್ರಿ ಒಂದು ಒಡೆದು ಮಲಗುತ್ತಾನೆ. "ಆಡೋದಿಲ್ವೇನೋ ತಮಾ?" ಎಂದು ಕೇಳಿದರೆ "ಒಡೆಯೋದೇ ಮಜಾ ಮಾವಾ, ಆಡೋದು ಯಾವಾಗಾದ್ರೂ" ಎಂದ. ಅದರಲ್ಲಿ ಕಾರ್ಡು ಬದಲಾಯಿಸಿಕೊಳ್ಳುವ ಸೌಲಭ್ಯ 2025ರ ಜನವರಿಯಲ್ಲಿ ಬಂತು, ಆದರೆ ಅಪರೂಪದ ಒಂದು ಕಾರ್ಡು ಬದಲಾಯಿಸಬೇಕೆಂದರೆ ಬೇರೆ ಕಾರ್ಡುಗಳನ್ನು ಕಳೆದುಕೊಂಡು ಟೋಕನ್ ಸಂಪಾದಿಸಬೇಕಿತ್ತು. ಆಟಗಾರರು ಗಟ್ಟಿಯಾಗಿ ಆಕ್ಷೇಪಿಸಿದರು, ಅದೇ ವರ್ಷ ಟೋಕನ್ ಪದ್ಧತಿ ತೆಗೆದರು. ಕೊಡುವ ಆಸೆ ಮನುಷ್ಯನಲ್ಲಿ ಎಷ್ಟು ಬಲವಾಗಿದೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ದುಡ್ಡಿನ ಮಾತು ಬಿಡುವಂತಿಲ್ಲ. ಆಯಿಗೆ ಇವತ್ತಿಗೂ ನಾನು ಫೋನಿನಲ್ಲಿ ಆಡುವುದು ಹಣ ಕಟ್ಟಿ ಆಡುವ ರಮ್ಮಿಯೇ ಎಂಬ ಭಯ. 2025ರ ಆಗಸ್ಟಿನಲ್ಲಿ ಕೇಂದ್ರದ ಕಾನೂನು ಬಂದು ಹಣದ ಆನ್‌ಲೈನ್ ಆಟಗಳು ನಿಂತಾಗ "ನಿಂದೂ ನಿಂತ್ತಾ?" ಎಂದು ಫೋನು ಮಾಡಿ ಕೇಳಿದ್ದಳು. ಇದು ಅದಲ್ಲ ಎಂದು ತಿಳಿಸಿ ಹೇಳಿದೆ. ಆದರೂ ಆರು ವರ್ಷದಲ್ಲಿ ಹದಿನೆಂಟು ಸಾವಿರ ರೂಪಾಯಿಯ ಹತ್ತಿರ ಖರ್ಚು ಮಾಡಿದ್ದೇನೆ ಎಂದು ಅವಳಿಗೆ ಹೇಳಲು ನಾಲಿಗೆ ಬರಲಿಲ್ಲ. ಒಳಗೆ ಏನಿದೆಯೆಂದು ತಿಳಿಯದ ಪ್ಯಾಕಿಗೆ ಹಣ ಕೊಡುವುದು ಆಯಿಯ ಭಯಕ್ಕಿಂತ ತೀರಾ ದೂರದ್ದೇನೂ ಅಲ್ಲ. ಬೆಲ್ಜಿಯಂ ದೇಶ 2018ರಲ್ಲಿ ಕೆಲವು ಆಟಗಳ ಇಂಥ ಪೆಟ್ಟಿಗೆಗಳನ್ನು ಜೂಜೆಂದೇ ಪರಿಗಣಿಸಿತು.

ಹಾಗಾದರೆ ಅಗ್ಗ ಮಾಡಿದರೆ ಆಟ ಉಳಿಯುತ್ತದೆಯೇ? ಇಲ್ಲ ಎನ್ನುವುದೇ ನನಗೆ ಈ ವಿಷಯವನ್ನು ಇಷ್ಟು ಯೋಚಿಸುವಂತೆ ಮಾಡಿದ್ದು. ರಯಟ್ ಕಂಪನಿಯ ಲೆಜೆಂಡ್ಸ್ ಆಫ್ ರೂನೆಟೆರಾ 2020ರಲ್ಲಿ ಬಂದಾಗ ಅದರಷ್ಟು ಧಾರಾಳ ಕೈ ಇನ್ನಾರದ್ದೂ ಇರಲಿಲ್ಲ. ದುಡ್ಡು ಕೊಟ್ಟು ಕುರುಡಾಗಿ ಒಡೆಯುವ ಪ್ಯಾಕೇ ಇಲ್ಲ. ವಾರವಾರ ಆಡಿದವನಿಗೆ ಬೇಕಾದ ಕಾರ್ಡು ತಾನಾಗಿ ಕೂಡುತ್ತಿತ್ತು. ಆಟವೂ ಸೊಗಸಾದದ್ದು, ಎದುರಾಳಿಯ ಪ್ರತಿ ನಡೆಗೂ ತಕ್ಷಣ ಉತ್ತರ ಕೊಡುವಂಥದ್ದು. ಆದರೂ ಖರ್ಚಿನಷ್ಟು ಆದಾಯ ಬರಲಿಲ್ಲ. 2024ರ ಜನವರಿಯಲ್ಲಿ ಆ ತಂಡವನ್ನು ಚಿಕ್ಕದು ಮಾಡಿ, ಒಬ್ಬರೇ ಆಡಿಕೊಳ್ಳುವ ಕಥಾಹಾದಿಯ ಕಡೆಗೆ ಆಟವನ್ನು ತಿರುಗಿಸಿದರು. ಮನುಷ್ಯನೆದುರು ಮನುಷ್ಯ ಕೂರುವ ಭಾಗ ಹಿಂದೆ ಸರಿಯಿತು. ಆ ಸುದ್ದಿ ಓದಿದ ದಿನ ನನಗೆ ನಿಜವಾಗಿ ಸಂಕಟವಾಗಿತ್ತು.

ಅದರ ಎದುರು ತುದಿಯಲ್ಲಿರುವುದು ಆರ್ಟಿಫ್ಯಾಕ್ಟ್. ಮಾಡಿದ್ದು ವಾಲ್ವ್ ಕಂಪನಿ, ರೂಪಿಸಿದ್ದು ಮ್ಯಾಜಿಕ್‌ನ ಅದೇ ಗಾರ್ಫೀಲ್ಡ್. 2018ರ ನವೆಂಬರ್ 28ಕ್ಕೆ ಬಂತು. ಒಳಗೆ ಬರಲು 20 ಡಾಲರ್. ಬಂದ ಮೇಲೆ ಕಾರ್ಡಿಗೆ ಮತ್ತೆ ಹಣ, ಪ್ಯಾಕಿನಲ್ಲಾದರೂ ಕೊಳ್ಳಿ, ಮಾರುಕಟ್ಟೆಯಲ್ಲಾದರೂ ಕೊಳ್ಳಿ. ಮೊದಲ ದಿನ ಏಕಕಾಲಕ್ಕೆ ಸುಮಾರು 60 ಸಾವಿರ ಜನ ಆಡಿದರು. ಕೆಲವೇ ತಿಂಗಳಲ್ಲಿ ಆ ಸಂಖ್ಯೆ ನೂರರ ಲೆಕ್ಕಕ್ಕೆ ಬಂತು. 2019ರ ಮಾರ್ಚಿನಲ್ಲಿ ಬದಲಾವಣೆಗಳನ್ನು ನಿಲ್ಲಿಸಿ ಬುಡದಿಂದ ಕಟ್ಟುತ್ತೇವೆ ಎಂದರು. 2021ರ ಮಾರ್ಚಿನಲ್ಲಿ ಆ ಕೆಲಸವನ್ನೂ ಕೈಬಿಟ್ಟು, ಹಳೆಯದು ಹೊಸದು ಎರಡನ್ನೂ ಉಚಿತವಾಗಿ ಬಿಟ್ಟರು. ಒಂದು ತೀರಾ ಬಿಗಿ ಕೈ, ಒಂದು ತೀರಾ ಸಡಿಲ ಕೈ. ಎರಡೂ ನಿಲ್ಲಲಿಲ್ಲ.

ಜನ ಒಮ್ಮೆ ಇಳಿಮುಖವಾದರೆ ಆಮೇಲಿನದು ತಾನಾಗಿ ನಡೆಯುತ್ತದೆ. ನಮ್ಮೂರಿನ ಸಂಜೆ ಬಸ್ಸು ನಿಂತದ್ದೂ ಹೀಗೆಯೇ. ಜನ ಕಡಿಮೆ ಎಂದು ವಾರಕ್ಕೆ ಮೂರು ದಿನ ಮಾಡಿದರು. ಬಸ್ಸು ಬರುವ ಭರವಸೆ ಇಲ್ಲದ್ದಕ್ಕೆ ಉಳಿದವರೂ ಬೈಕು ಕೊಂಡರು. ಆಮೇಲೆ ಬಸ್ಸೇ ಇಲ್ಲ. ಆಟದಲ್ಲಿ ಆಡುವವರು ಕಡಿಮೆಯಾದ ಕೂಡಲೇ ಎದುರಾಳಿ ಸಿಗಲು ಹೆಚ್ಚು ಹೊತ್ತು ಬೇಕು. ಸಿಕ್ಕವನು ಸರಿಸಮಾನನಲ್ಲ, ಏಕೆಂದರೆ ಕೊನೆಯವರೆಗೆ ಉಳಿಯುವವರು ಅತಿ ನುರಿತವರು. ಮೊನ್ನೆ ಸೇರಿದ ಹುಡುಗ ಎಂಟು ವರ್ಷ ಆಡಿದವನ ಎದುರು ಬೀಳುತ್ತಾನೆ. ಮೂರು ದಿನ ಸೋತು ಹೋಗಿಬಿಡುತ್ತಾನೆ.

ಇದನ್ನು ತಡೆಯಲು ಆಟದವರು ಕಂಡುಕೊಂಡ ಉಪಾಯ ದಿನದ ಕೆಲಸ. ಇವತ್ತು ಮೂರು ಆಟ ಗೆಲ್ಲಿ, ಆಟದೊಳಗಿನ ಇಷ್ಟು ಚಿನ್ನ. ಏಳು ದಿನ ತಪ್ಪದೆ ಬನ್ನಿ, ಒಂದು ಪ್ಯಾಕು. ಮೊದಮೊದಲು ಹಿತವಾಗಿತ್ತು. ಆಮೇಲೆ ಅದು ಕೊಟ್ಟಿಗೆಯ ಕೆಲಸದಂತಾಯಿತು: ಜ್ವರ ಬಂದರೂ ಮಾಡಬೇಕು, ಮದುವೆ ಮನೆಗೆ ಹೋದರೂ ಮಾಡಬೇಕು. ತಂಗಿಯ ಮದುವೆಯ ಹಿಂದಿನ ರಾತ್ರಿ, ಮಂಟಪಕ್ಕೆ ಮಾವಿನೆಲೆ ಕಟ್ಟಿ ಮುಗಿಸಿ, ಹನ್ನೊಂದು ಮುಕ್ಕಾಲಿಗೆ ಬಚ್ಚಲ ಕಟ್ಟೆಯ ಮೇಲೆ ಕೂತು ಮೂರನೆಯ ಗೆಲುವಿಗಾಗಿ ಆಡಿದ್ದೇನೆ. ಆಗ ನನಗೆ ಆಡುವ ಆಸೆ ಇರಲಿಲ್ಲ. ತಪ್ಪಿದರೆ ನಷ್ಟ ಎನ್ನುವ ಭಯವಿತ್ತು. ಈ ಉಪಾಯ ಇದ್ದವರನ್ನು ಇನ್ನೊಂದು ದಿನ ಹಿಡಿದಿಡುತ್ತದೆ, ನಿಜ. ಆದರೆ ಒಮ್ಮೆ ಕೈ ಬಿಟ್ಟವನಿಗೆ ತಪ್ಪಿಹೋದದ್ದರ ಪಟ್ಟಿ ದಿನದಿನಕ್ಕೆ ಉದ್ದವಾಗುತ್ತದೆ. ತಿಂಗಳು ಕಳೆದ ಮೇಲೆ ಅವನ ಕಣ್ಣಿಗೆ ಆಟ ಕಾಣುವುದಿಲ್ಲ, ತೀರಿಸದ ಬಾಕಿ ಕಾಣುತ್ತದೆ.

ಹೊಸತನ ಎಲ್ಲಿಂದ ಬರಬೇಕು ಎನ್ನುವುದರಲ್ಲೇ ಈ ಆಟಗಳ ಗಂಟು ಇದೆ ಎಂದು ನನಗೆ ಅನಿಸುತ್ತದೆ. ನಮ್ಮ ಕಡೆಯ ತಾಳಮದ್ದಳೆಯನ್ನು ಯೋಚಿಸಿ. ಪ್ರಸಂಗ ಹಳೆಯದು, ಪದ್ಯ ಹಳೆಯದು, ಕೃಷ್ಣ ಸಂಧಾನದಲ್ಲಿ ಸಂಧಾನ ಮುರಿಯುತ್ತದೆ ಎಂದು ಮಕ್ಕಳಿಗೂ ಗೊತ್ತು. ಆದರೂ ಅರ್ಥಧಾರಿಗಳು ಎದುರು ಬದುರು ಕೂತರೆ ಆ ರಾತ್ರಿಯ ಮಾತು ಆ ರಾತ್ರಿಯದೇ. ಕೌರವ ಇವತ್ತು ಯಾವ ವಾದ ಎತ್ತುತ್ತಾನೆ, ಕೃಷ್ಣ ಅದನ್ನು ಹೇಗೆ ಮುರಿಯುತ್ತಾನೆ ಎಂದು ಕೇಳಲು ಜನ ನಿದ್ದೆ ಬಿಟ್ಟು ಕೂರುತ್ತಾರೆ. ಹತ್ತು ವರ್ಷ ಬೆಂಗಳೂರಿನಲ್ಲಿದ್ದು ಬಂದವನು ಕೊನೆಯ ಬೆಂಚಿನಲ್ಲಿ ಕೂತರೂ ಐದು ನಿಮಿಷದಲ್ಲಿ ಒಳಗೆ ಬಂದಿರುತ್ತಾನೆ. ಇಪ್ಪತ್ತೆಂಟರಲ್ಲಿಯೂ ಅಷ್ಟೇ: 32 ಎಲೆ ಬದಲಾಗುವುದಿಲ್ಲ, ಎದುರಿಗಿರುವ ಮನುಷ್ಯ ಬದಲಾಗುತ್ತಾನೆ. ಅಪ್ಪಯ್ಯ ಕೆಟ್ಟ ಎಲೆ ಬಂದಾಗ ಒಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಾರೆ ಎಂದು ಗೊತ್ತಿದ್ದವರಿಗೆ ಗೊತ್ತು. ಅವರಿಗೂ ಅದು ಗೊತ್ತಾಗಿ ಒಳ್ಳೆಯ ಎಲೆ ಬಂದಾಗಲೂ ಕೆಮ್ಮಲು ಶುರುಮಾಡಿದ್ದಾರೆ. ಇಂಥ ಹೊಸತನಕ್ಕೆ ಯಾವ ಸೆಟ್ಟೂ ಬೇಡ.

ಮಾರುವ ವಸ್ತುವೇ ಕಾರ್ಡು ಆದ ಮೇಲೆ ಹೊಸತನವೆಲ್ಲ ಕಾರ್ಡಿನಿಂದಲೇ ಬರಬೇಕಾಗುತ್ತದೆ. ನಾಲ್ಕು ತಿಂಗಳಿಗೊಮ್ಮೆ ನೂರರ ಮೇಲೆ ಹೊಸ ಕಾರ್ಡು ಕಲಿಯಬೇಕು. ಎದುರಾಳಿ ಯಾರೆಂದು ತಿಳಿಯುವುದೇ ಇಲ್ಲ. ಆಟ ಮುಗಿದರೆ ಅವನು ಶಾಶ್ವತವಾಗಿ ಮಾಯ. ಆರು ವರ್ಷದಲ್ಲಿ ನಾನು ಸಾವಿರಾರು ಜನರ ಎದುರು ಆಡಿದ್ದೇನೆ, ಒಬ್ಬನ ಕೆಮ್ಮೂ ನನಗೆ ಗೊತ್ತಿಲ್ಲ.

ಈ ತೊಡಕನ್ನು ಬಿಡಿಸಲು ನೋಡಿದವರೂ ಇದ್ದಾರೆ, ಅವರ ಬಗ್ಗೆ ನನಗೆ ಗೌರವವಿದೆ. 2022ರ ಅಕ್ಟೋಬರಿನಲ್ಲಿ ಬಂದ ಮಾರ್ವೆಲ್ ಸ್ನ್ಯಾಪ್‌ನಲ್ಲಿ ಕಟ್ಟಿಗೆ ಹನ್ನೆರಡೇ ಕಾರ್ಡು, ಆರೇ ಸರದಿ. ಚಹ ಆರುವುದರೊಳಗೆ ಒಂದು ಆಟ. ಅದರಲ್ಲಿ ಪಣವನ್ನು ಇಮ್ಮಡಿ ಮಾಡುವ ಕ್ರಮವಿದೆ, ಸೋಲುತ್ತೇನೆ ಅನಿಸಿದರೆ ಕಡಿಮೆ ಕಳೆದುಕೊಂಡು ಎದ್ದು ಹೋಗಬಹುದು. ಎದುರಾಳಿಯ ಧೈರ್ಯ, ಬೂಟಾಟಿಕೆ ಅಲ್ಲಿ ಒಂದಿಷ್ಟು ಕಾಣುತ್ತದೆ. ಹಾರ್ಟ್‌ಸ್ಟೋನ್ 2020ರಿಂದ ಹೊಸಬರಿಗೂ ಬಹುಕಾಲದ ಮೇಲೆ ಬಂದವರಿಗೂ ಒಂದು ಸಿದ್ಧ ಕಟ್ಟನ್ನು ಬಿಟ್ಟಿಯಾಗಿ ಕೊಡತೊಡಗಿತು. ಒಳ್ಳೆಯದೇ. ಆದರೆ ಕಟ್ಟು ಕೈಗಿಟ್ಟರೆ ಸಾಲದು. ಆಡಲು ಗೊತ್ತಾಗಬೇಕಲ್ಲ, "ಹೌದು, ಎರಡು" ಎಂದು ಹೇಳಲು ಒಬ್ಬ ಬೇಕಲ್ಲ.

ಎಲ್ಲಕ್ಕಿಂತ ನನ್ನ ಮನಸ್ಸಿಗೆ ಹತ್ತಿರವಾದದ್ದು ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್‌ನವರ ಗ್ವೆಂಟ್. 2023ರ ನಂತರ ಹೊಸ ಕಾರ್ಡು ಮಾಡುವುದಿಲ್ಲ ಎಂದು 2022ರಲ್ಲೇ ಮುಂಚಿತವಾಗಿ ತಿಳಿಸಿದರು. ಆಮೇಲೆ ಆಟವನ್ನು ಮುಚ್ಚದೆ, ಕಾರ್ಡುಗಳ ಬಲ ಹೆಚ್ಚು ಕಡಿಮೆ ಮಾಡುವ ಕೆಲಸವನ್ನು ಆಟಗಾರರ ಮತಕ್ಕೆ ಬಿಟ್ಟುಕೊಟ್ಟರು. ತಿಂಗಳಿಗೊಮ್ಮೆ ಆಟಗಾರರೇ ಮತ ಹಾಕಿ ಈ ಕಾರ್ಡಿಗೆ ಒಂದು ಏರಿಸಿ, ಆ ಕಾರ್ಡಿಗೆ ಒಂದು ಇಳಿಸಿ ಎಂದು ತೀರ್ಮಾನಿಸುತ್ತಾರೆ. ವ್ಯಾಪಾರದ ಕಣ್ಣಿಗೆ ಅದು ನಿಂತ ಆಟ. ನನ್ನ ಕಣ್ಣಿಗೆ ಅದು ಡೈಮನ್ ಎರಡರ ಮೇಲೆ ಬಾಲ್‌ಪೆನ್ನಿನಿಂದ ಬರೆದ 8.

ಎಲ್ಲರಿಗೂ ಆ ಭಾಗ್ಯವಿಲ್ಲ. ದಿ ಎಲ್ಡರ್ ಸ್ಕ್ರೋಲ್ಸ್: ಲೆಜೆಂಡ್ಸ್ ಎಂಬ ಆಟಕ್ಕೆ 2019ರ ಕೊನೆಯಲ್ಲಿ ಹೊಸ ಕೆಲಸ ನಿಂತಿತು, 2025ರ ಜನವರಿಯಲ್ಲಿ ಸರ್ವರೂ ನಿಂತಿತು. ವರ್ಷಗಟ್ಟಲೆ ಕೂಡಿಸಿದವರ ಕೈಯಲ್ಲಿ ಒಂದು ಚಿತ್ರವೂ ಉಳಿಯಲಿಲ್ಲ.

ಮಳೆಯ ಆ ರಾತ್ರಿಯ ನಂತರ ನಾನು ಆಟವನ್ನು ಅಳಿಸಿಹಾಕುವವನಿದ್ದೆ. ಅಳಿಸುವ ಮುಂಚೆ ಗೆಳೆಯರ ಪಟ್ಟಿ ನೋಡಿದೆ. ಇಪ್ಪತ್ತಮೂರು ಹೆಸರು, ಎಲ್ಲ ಬೂದು. ಅದರಲ್ಲಿ ಒಬ್ಬ ಹೊನ್ನಾವರದವನು, ಕಾಲೇಜಿನಲ್ಲಿ ನನ್ನ ಜೊತೆಗಿದ್ದವನು. ನಾನೇ ಅವನಿಗೆ ಈ ಆಟ ಕಲಿಸಿದ್ದು. ಫೋನು ಮಾಡಿದೆ. ಅವನು ಬಿಟ್ಟು ಮೂರು ವರ್ಷವಾಗಿತ್ತು. "ನನ್ನ ಕಾರ್ಡೆಲ್ಲ ಸತ್ತು ಹೋಗ್ಯದೋ ಮಾರಾಯ" ಎಂದ. ನನ್ನದೂ ಹಾಗೆಯೇ ಎಂದೆ. ಇಬ್ಬರ ಸತ್ತ ಕಾರ್ಡುಗಳನ್ನೇ ಇಟ್ಟುಕೊಂಡು ಆಡಿದರೆ ಹೇಗೆ ಎಂದು ಮಾತಾಯಿತು. ಗೆಳೆಯರಿಬ್ಬರು ನೇರವಾಗಿ ಆಡಿಕೊಳ್ಳುವಾಗ ಹಳೆಯ ಕಾರ್ಡಿಗೂ ಅನುಮತಿ ಇತ್ತು. ನಾವೇ ಒಂದು ನಿಯಮ ಮಾಡಿಕೊಂಡೆವು: ನಾವಿಬ್ಬರೂ ಒಟ್ಟಿಗೆ ಆಡುತ್ತಿದ್ದ ಆ ಎರಡು ವರ್ಷದ ಸೆಟ್ಟುಗಳು ಮಾತ್ರ, ಬೇರೆ ಯಾವುದೂ ಬೇಡ. ಶನಿವಾರ ರಾತ್ರಿ ಒಂಬತ್ತಕ್ಕೆ, ಫೋನಿನಲ್ಲಿ ಮಾತಾಡುತ್ತ. ಒಂದು ವಾರ ತಪ್ಪಿದರೆ ತಪ್ಪಿತು.

ಇದು ಹನ್ನೊಂದನೆಯ ವಾರ. ಅವನು ಒಳ್ಳೆಯ ಕಾರ್ಡು ಬಂದ ಕೂಡಲೇ ಮಾತು ನಿಲ್ಲಿಸುತ್ತಾನೆ ಎಂದು ಮೂರನೆಯ ವಾರಕ್ಕೇ ನನಗೆ ಗೊತ್ತಾಗಿತ್ತು. ಕಳೆದ ಶನಿವಾರ ಆಟ ಬಿಗಿಯಾಗಿತ್ತು, ಇಬ್ಬರದೂ ಕೊನೆಯ ಉಸಿರು, ಅವನು ಮಾತು ನಿಲ್ಲಿಸಿದ. ಅಷ್ಟರಲ್ಲಿ ಹೊನ್ನಾವರದಲ್ಲಿ ಕರೆಂಟು ಹೋಗಿ ಅವನ ಮನೆಯ ವೈಫೈ ಸತ್ತಿತು. ಅವನ ಮೊಬೈಲಿನ ಡೇಟಾ ಅಂತೂ ಮಳೆಗೆ ಮೊದಲೇ ಕೈಕೊಟ್ಟಿತ್ತು. ನಿಮಿಷ ಕಳೆದ ಮೇಲೆ ನಾನು ಗೆದ್ದೆ ಎಂದು ತೆರೆಯ ಮೇಲೆ ಬಂತು.

ಫೋನಿನ ಕರೆ ಮಾತ್ರ ಇನ್ನೂ ಕಡಿದಿರಲಿಲ್ಲ. ಕತ್ತಲಲ್ಲಿ ಕೂತೇ ಅವನು ಕೈಯಲ್ಲಿ ಉಳಿದಿದ್ದ ಎರಡು ಕಾರ್ಡಿನ ಹೆಸರು ಹೇಳಿದ. ನಾನು ನನ್ನ ಕೈಯಲ್ಲಿದ್ದ ಮೂರು ಹೇಳಿದೆ. ಎರಡೂ ಕಡೆ ಎಷ್ಟು ಬಲ ಉಳಿದಿತ್ತು ಎಂದು ಇಬ್ಬರಿಗೂ ಬಾಯಿಗೆ ಬರುತ್ತಿತ್ತು. ಅವನು ಮೊದಲನೆಯದನ್ನು ಹಾಕಿದ, ನಾನು ತಡೆದೆ. ಎರಡನೆಯದನ್ನು ಹಾಕಿದ. ನಾನು ಸ್ವಲ್ಪ ಹೊತ್ತು ಯೋಚಿಸಿ, "ಇಲ್ಲ ಮಾರಾಯ, ನನ್ನ ಹತ್ರ ಇದಕ್ಕೆ ಏನೂ ಇಲ್ಲ" ಎಂದೆ.

ಅವನು ಹಳೆಯ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ನಮ್ಮ ಲೆಕ್ಕ ಬರೆಯುತ್ತಾನೆ. ಆ ಆಟವನ್ನು ಅವನ ಹೆಸರಿಗೆ ಬರೆದುಕೊಳ್ಳಲು ಹೇಳಿದೆ.